ಭರತಪುರದ ಕೆರೆ ಮತ್ತು ಡಾ. ಸಲೀಂ ಅಲಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಶಾಲೆಯ ಹಿಂದಿನ ಕೆರೆ ಮತ್ತು ನನ್ನ ಚಾಟರಬಿಲ್ಲು. ಎಂಟನೇ ತರಗತಿಯಲ್ಲಿದ್ದಾಗ, ಚಳಿಗಾಲದ ಒಂದು ಶನಿವಾರ, ಅಲ್ಲಿ ಒಂದು ಬಾತುಕೋಳಿಯನ್ನು ಕಲ್ಲಿನಿಂದ ಹೊಡೆದು ಬೀಳಿಸಿದ್ದೆ. ಅದು ಯಾವ ಹಕ್ಕಿ, ಎಲ್ಲಿಂದ ಬಂದದ್ದು ಎಂದು ನನಗೂ ಗೊತ್ತಿರಲಿಲ್ಲ, ಜೊತೆಗಿದ್ದ ಗೆಳೆಯರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನೇ ಜೀವನವಿಡೀ ಕೇಳುತ್ತಾ ಹೋದವರು ಡಾ. ಸಲೀಂ ಅಲಿ.

ಅವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಮಾವ ಶಿಕಾರಿ. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಒಂದು ದಿನ ಹೊಡೆದ ಗುಬ್ಬಿಯ ಕುತ್ತಿಗೆ ಹಳದಿಯಾಗಿತ್ತು. ಅದೇನೆಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಕಾರ್ಯದರ್ಶಿ ಮಿಲ್ಲರ್ಡ್ ಅವರು ಗದರಿಸದೆ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಅಲ್ಲಿಂದ ಅವರ ದಾರಿ ಬದಲಾಯಿತು.

ಗಣಿತ ಅವರಿಗೆ ಒಲಿಯಲಿಲ್ಲ. ಕಾಲೇಜು ಬಿಟ್ಟು ಬರ್ಮಾಕ್ಕೆ ಹೋಗಿ ಮನೆಯವರ ವ್ಯವಹಾರ ನೋಡಿಕೊಂಡರು. ಮುಂದೆ ಬರ್ಲಿನ್‌ನಲ್ಲಿ ಪಕ್ಷಿಶಾಸ್ತ್ರದ ತರಬೇತಿ ಪಡೆದು 1930ರಲ್ಲಿ ಮರಳಿದಾಗ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಇದ್ದ ಕೆಲಸವೂ ಹೋಗಿತ್ತು. ಕಿಹಿಂ ಎಂಬ ಕಡಲತೀರದ ಊರಿನಲ್ಲಿ ಕುಳಿತು ಗೀಜಗನ ಗೂಡುಗಳನ್ನು ನೋಡಿ ಬರೆದದ್ದು ಈ ನಿರುದ್ಯೋಗದ ದಿನಗಳಲ್ಲೇ. ಜೊತೆಗಿದ್ದ ಪತ್ನಿ ತಹಮೀನಾ 1939ರಲ್ಲಿ ತೀರಿಕೊಂಡರು. ಸಂಸ್ಥಾನದಿಂದ ಸಂಸ್ಥಾನಕ್ಕೆ ಪಕ್ಷಿ ಸಮೀಕ್ಷೆ ನಡೆಸುತ್ತಾ ಅವರು ನಮ್ಮ ಮೈಸೂರಿಗೂ ಬಂದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದಲೇ.

ಆದರೆ ಅವರನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ರಾಜಸ್ಥಾನದ ಭರತಪುರದಲ್ಲಿ. ಕೆಲಸದ ಮೇಲೆ ದೆಹಲಿಗೆ ಹೋಗಿದ್ದಾಗ ಜನವರಿಯ ಒಂದು ಭಾನುವಾರ ಕೇವಲಾದೇವ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಬೆಳಗಿನ ಮಂಜಿನಲ್ಲಿ ಏನೂ ಕಾಣದು. ನೀರಿನ ಮೇಲಿಂದ ಸಾವಿರಾರು ಬಾತುಗಳ ಸದ್ದು ಮಾತ್ರ. ಮಂಜು ಕರಗಿದ ಮೇಲೆ ಸೂಜಿಬಾಲದ ಬಾತು, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು ಎಲ್ಲವೂ ಕಂಡವು. ಅಲ್ಲೇ ದೇವಸ್ಥಾನದ ಹತ್ತಿರ ಹಳೆಯ ಶಿಕಾರಿಗಳ ಲೆಕ್ಕ ಕೆತ್ತಿದ ಕಲ್ಲುಗಳಿವೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನ ಕೊಂದ ಹಕ್ಕಿಗಳು 4,273. ಅಂದು ಸಲೀಂ ಅಲಿಯವರಿಗೆ 42 ತುಂಬಿದ ದಿನ.

ಸ್ವಾತಂತ್ರ್ಯ ಬಂದ ಮೇಲೆ ಈ ಕೆರೆಯ ನೀರನ್ನು ಬರಿದು ಮಾಡಿ ಸಾಗುವಳಿ ಮಾಡಬೇಕೆಂಬ ಕೂಗು ಎದ್ದಿತು. ಸಲೀಂ ಅಲಿ ಪ್ರಧಾನಿ ನೆಹರೂ ಅವರಿಗೆ ಮನವರಿಕೆ ಮಾಡಿಕೊಟ್ಟರು. ಕೆರೆ ಉಳಿಯಿತು, 1956ರಲ್ಲಿ ಪಕ್ಷಿಧಾಮವಾಯಿತು.

ಮುಂದಿನ ಕಥೆಗೆ ನಮ್ಮ ಮಲೆನಾಡಿನ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಹಬ್ಬಿತು. ಅದರ ವೈರಸ್ಸು ರಷ್ಯಾದ ಒಂದು ಕಾಯಿಲೆಯ ವೈರಸ್ಸನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೆಂಬ ಅನುಮಾನ ಬಂತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಸಲೀಂ ಅಲಿ ಕೆಲಸ ಆರಂಭಿಸಿದರು. ಬಿಹಾರದ ಮೀರ್‌ಶಿಕಾರ್ ಎಂಬ ಬೇಟೆಗಾರರು ಭರತಪುರದಲ್ಲಿ ಬಾತುಗಳನ್ನು ನೋವಾಗದಂತೆ ಹಿಡಿದುಕೊಡುತ್ತಿದ್ದರು. ತೂಕ ನೋಡಿ, ರೆಕ್ಕೆ ಅಳೆದು, ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸಿ ಹಾರಲು ಬಿಡುವುದು. ಆ ಉಂಗುರಗಳಲ್ಲಿ ಕೆಲವು ಸೋವಿಯತ್ ದೇಶದಲ್ಲಿ ಸಿಕ್ಕವು. ಹಕ್ಕಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಪುರಾವೆ ದೊರೆಯಿತು; ರೋಗ ತಂದದ್ದು ಹಕ್ಕಿಗಳೇ ಎಂಬುದಕ್ಕೆ ದೊರೆಯಲಿಲ್ಲ. ಬೇಟೆಯ ಲೆಕ್ಕ ಬರೆದಿದ್ದ ಜಾಗದಲ್ಲೇ ಬದುಕಿರುವ ಹಕ್ಕಿಯ ಲೆಕ್ಕ ಶುರುವಾಗಿತ್ತು.

ಅವರನ್ನು ದೇವರಂತೆ ಚಿತ್ರಿಸುವುದು ಬೇಡ. ಅಧ್ಯಯನಕ್ಕಾಗಿ ಅವರೂ ಬಹಳ ಹಕ್ಕಿಗಳನ್ನು ಹೊಡೆದವರೇ. ಅವರು ಉಳಿಸಿದ ಕೆರೆಗೆ ಚಳಿಗಾಲದಲ್ಲಿ ಬರುತ್ತಿದ್ದ ಬಿಳಿಯ ಸೈಬೀರಿಯನ್ ಕ್ರೌಂಚಗಳು 2002ರ ನಂತರ ಬರಲೇ ಇಲ್ಲ. 1976ರಲ್ಲಿ ಬಂದ ಗೆಟ್ಟಿ ಪ್ರಶಸ್ತಿಯ 50 ಸಾವಿರ ಡಾಲರನ್ನು ಅವರು ಸೊಸೈಟಿಯ ಕೆಲಸಕ್ಕೇ ಕೊಟ್ಟರು. 1987ರ ಜೂನ್ 20ರಂದು, ತೊಂಬತ್ತು ದಾಟಿದ ಮೇಲೆ, ತೀರಿಕೊಂಡರು.

ನಮ್ಮೂರ ಕೆರೆಗೆ ಈಗ ಮೊದಲಿನಷ್ಟು ಹಕ್ಕಿಗಳು ಬರುವುದಿಲ್ಲ ಎನ್ನುತ್ತಾರೆ. ಎಷ್ಟು ಬರುತ್ತಿದ್ದವು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ, ಏಕೆಂದರೆ ನಾವ್ಯಾರೂ ಬರೆದಿಡಲಿಲ್ಲ. ನಾಳೆ ಕೆರೆಯನ್ನು ಮುಚ್ಚಬೇಕೆಂದು ಯಾರಾದರೂ ಬಂದರೆ ನಾವು ಏನನ್ನು ತೋರಿಸುವುದು? ಅದಕ್ಕಾಗಿ ಶಾಲೆಗೆ ಒಂದು ದುರ್ಬೀನು, ಒಂದು ದಪ್ಪ ನೋಟ್‌ಪುಸ್ತಕ ಕೊಟ್ಟಿದ್ದೇನೆ. ಚಳಿಗಾಲದ ಪ್ರತಿ ಶನಿವಾರ ಮಕ್ಕಳು ಏರಿಯ ಮೇಲೆ ನಿಂತು ಎಣಿಸಿ ಬರೆಯಲಿ. ಮೊದಲ ಪುಟದಲ್ಲಿ ನಾನು ಒಂದು ಹಕ್ಕಿಯನ್ನು ಬರೆದಿದ್ದೇನೆ: ಎಂಟನೇ ತರಗತಿ, ಬಾತು, ಒಂದು, ಹೆಸರು ತಿಳಿಯದು.