ಚೈನ್ ಹಿಗ್ಗೋದಿಲ್ಲ, ಸವೆಯುತ್ತೆ: ಹ್ಯಾನ್ಸ್ ರೆನಾಲ್ಡ್ ಅವರ ಬದುಕು

ಬೆಳಿಗ್ಗೆ ಹೊತ್ತು ಪೆರೇಸಂದ್ರದಲ್ಲಿ ಹೈವೇ ಪಕ್ಕ ಹತ್ತು ನಿಮಿಷ ನಿಂತರೆ ಸಾಕು, ನಮ್ಮ ಕಡೆ ಹಳೇ ಬೈಕುಗಳು ಎಷ್ಟು ದುಡಿಯುತ್ತವೆ ಅಂತ ಗೊತ್ತಾಗುತ್ತೆ. ಎರಡು ಕಡೆ ಹಾಲಿನ ಕ್ಯಾನು, ಹಿಂದೆ ಹೂವಿನ ಮೂಟೆ, ಟ್ಯಾಂಕ್ ಮೇಲೊಂದು ಮಗು. ಇಷ್ಟೂ ಭಾರವನ್ನ ಎಳೆಯೋದು ಬೆರಳಗಲದ ಒಂದು ಚೈನು. ಆ ಚೈನು ಇವತ್ತಿರುವ ರೂಪಕ್ಕೆ ಬಂದಿದ್ದು 1880ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಅದನ್ನ ಮಾಡಿದವರು ಹ್ಯಾನ್ಸ್ ರೆನಾಲ್ಡ್. ಸೆಪ್ಟೆಂಬರ್ 15 ಬಂದಾಗೆಲ್ಲ ಪಕ್ಕದ ಮುದ್ದೇನಹಳ್ಳಿಯ ಸರ್ ಎಂ.ವಿ. ಬಗ್ಗೆ ನಾವು ಬರೀತೀವಿ. ಈ ಸಲ ಅವರ ಕಾಲದವರೇ ಆದ, ದೂರದ ಇನ್ನೊಬ್ಬ ಇಂಜಿನಿಯರ್ ಬಗ್ಗೆ ಬರೆಯೋಣ ಅನ್ನಿಸಿತು. ಇವರ ಕೆಲಸ ಅರ್ಥ ಆದರೆ ಮನೆಯ ಹಳೇ ಗಾಡಿಯ ಚೈನ್ ಯಾಕೆ ಪದೇ ಪದೇ ಲೂಸ್ ಆಗುತ್ತೆ ಅನ್ನೋದೂ ಅರ್ಥ ಆಗುತ್ತೆ.

ರೆನಾಲ್ಡ್ ಹುಟ್ಟಿದ್ದು 1852ರ ಜುಲೈ 31ರಂದು, ಸ್ವಿಟ್ಜರ್ಲೆಂಡಿನ ಆರಾವ್ ಪಟ್ಟಣದಲ್ಲಿ. ಓದಿದ್ದು ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ. ಓದು ಮುಗಿಸಿ 1873ರಲ್ಲಿ, ಅಂದರೆ ನಮ್ಮಲ್ಲಿ ಫೈನಲ್ ಇಯರ್‌ನವರಿಗೆ ಇರುವಷ್ಟೇ ವಯಸ್ಸಿನಲ್ಲಿ, ಕೆಲಸ ಹುಡುಕಿಕೊಂಡು ಮ್ಯಾಂಚೆಸ್ಟರ್‌ಗೆ ಬಂದರು. ಆಗ ಮ್ಯಾಂಚೆಸ್ಟರ್ ಅಂದರೆ ಹತ್ತಿ ಗಿರಣಿಗಳ ಊರು. ನಮ್ಮ ಧಾರವಾಡ ಸೀಮೆಯ ಹತ್ತಿ ಕೂಡ ಹಡಗು ಹತ್ತಿ ಆ ಕಡೆ ಹೋಗುತ್ತಿದ್ದ ಕಾಲ. ಯಂತ್ರಗಳನ್ನು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಗಿರಣಿ ಯಂತ್ರಗಳನ್ನು ಹತ್ತಿರದಿಂದ ನೋಡುವ ಅವಕಾಶವೂ ಅಲ್ಲೇ ಸಿಕ್ಕಿತು.

1879ರಲ್ಲಿ ಪಕ್ಕದ ಸಾಲ್ಫರ್ಡ್‌ನಲ್ಲಿ ಜೇಮ್ಸ್ ಸ್ಲೇಟರ್ ಎಂಬುವರ ಸಣ್ಣ ವರ್ಕ್‌ಶಾಪ್ ಮಾರಾಟಕ್ಕಿತ್ತು. ಗಿರಣಿ ಯಂತ್ರಗಳಿಗೆ ಚೈನ್ ಮಾಡುವ ಜಾಗ ಅದು. ಸ್ಲೇಟರ್ 1864ರಲ್ಲೇ ಚೈನಿಗೆ ಪೇಟೆಂಟ್ ತಗೊಂಡಿದ್ದವರು. 27 ವರ್ಷದ ರೆನಾಲ್ಡ್ ಆ ವರ್ಕ್‌ಶಾಪನ್ನು ಕೊಂಡರು. ಜೊತೆಗೆ ಆ ಕಾಲದ ಚೈನ್‌ಗಳ ಹಳೇ ರೋಗವೂ ಅವರ ಪಾಲಿಗೆ ಬಂತು.

ರೋಗ ಏನು? ಅಂದಿನ ಚೈನಿನಲ್ಲಿ ಪಿನ್ನು ನೇರವಾಗಿ ತೆಳ್ಳಗಿನ ಪ್ಲೇಟುಗಳ ತೂತಿನಲ್ಲಿ ತಿರುಗುತ್ತಿತ್ತು. ಎಳೆತವೆಲ್ಲ ಪ್ಲೇಟಿನ ದಪ್ಪದಷ್ಟು ಜಾಗದ ಮೇಲೆ ಬೀಳುತ್ತಿತ್ತು. ಚಾಕುವಿನ ಅಂಚಿನ ಮೇಲೆ ಭಾರ ಇಟ್ಟ ಹಾಗೆ. ಪಿನ್ನು ಬೇಗ ಸವೆದು, ತೂತು ಅಗಲವಾಗಿ, ಚೈನು ಉದ್ದವಾಗಿ ಹಲ್ಲು ಹಾರುತ್ತಿತ್ತು.

1880ರಲ್ಲಿ ರೆನಾಲ್ಡ್ ಮಾಡಿದ್ದು ಕೇಳೋಕೆ ಸಣ್ಣ ಬದಲಾವಣೆ. ಒಳಗಿನ ಎರಡು ಪ್ಲೇಟುಗಳ ನಡುವೆ ಒಂದು ಬುಷ್ ಕೂರಿಸಿದರು. ಪಿನ್ನು ಈಗ ಆ ಬುಷ್‌ನ ಪೂರ್ತಿ ಉದ್ದಕ್ಕೂ ಆತುಕೊಂಡು ತಿರುಗುತ್ತೆ. ಬುಷ್ ಮೇಲೆ ಸಲೀಸಾಗಿ ತಿರುಗುವ ಒಂದು ರೋಲರ್. ಸ್ಪ್ರಾಕೆಟ್ ಹಲ್ಲಿಗೆ ತಾಗೋದು ರೋಲರ್ ಮಾತ್ರ.

ಇದರ ಲಾಭ ಎಷ್ಟು ಅಂತ ನಾವೇ ಲೆಕ್ಕ ಹಾಕಬಹುದು. ಅರ್ಧ ಇಂಚು ಪಿಚ್‌ನ ಒಂದು ಸಾಮಾನ್ಯ ಚೈನ್ ತಗೊಳ್ಳಿ. ಪಿನ್ ವ್ಯಾಸ ಸುಮಾರು 4.45 ಮಿ.ಮೀ., ಬುಷ್ ಉದ್ದ ಸುಮಾರು 11.3 ಮಿ.ಮೀ. ಎರಡನ್ನೂ ಗುಣಿಸಿದರೆ ಭಾರ ಹೊರುವ ಜಾಗ 50 ಚದರ ಮಿ.ಮೀ. ಬುಷ್ ಇಲ್ಲದೆ ಬರೀ 1.6 ಮಿ.ಮೀ. ದಪ್ಪದ ಎರಡು ಪ್ಲೇಟ್ ಇದ್ದಿದ್ದರೆ? 14 ಚದರ ಮಿ.ಮೀ. ಅಷ್ಟೇ. ಅಂದರೆ ಅದೇ ಎಳೆತಕ್ಕೆ ಒತ್ತಡ ಮೂರೂವರೆ ಪಟ್ಟು ಕಡಿಮೆ. ಚೈನಿನ ಲೋಹ ಗಟ್ಟಿಯಾಗಲಿಲ್ಲ, ಭಾರ ಹೊರುವ ಜಾಗ ದೊಡ್ಡದಾಯಿತು. ಇದೇ ಹೊತ್ತಿನಲ್ಲಿ ಇತ್ತ ಸರ್ ಎಂ.ವಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದರು.

ಚೈನಿಗೆ ದೊಡ್ಡ ಕೆಲಸ ಸಿಕ್ಕಿದ್ದು 1885ರ ನಂತರ. ಆ ವರ್ಷ ಜಾನ್ ಕೆಂಪ್ ಸ್ಟಾರ್ಲಿ ಅವರ ರೋವರ್ ಸೈಕಲ್ ಬಂತು. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಪೆಡಲ್ ನಡುವೆ, ಹಿಂದಿನ ಚಕ್ರಕ್ಕೆ ಚೈನು. ಇವತ್ತಿನ ಸೈಕಲ್‌ಗಳ ಮೂಲ ರೂಪ ಅದೇ. ಸೈಕಲ್ ಆದಮೇಲೆ ಮೋಟಾರ್‌ಸೈಕಲ್, ಕಾರು. 1895ರಲ್ಲಿ ರೆನಾಲ್ಡ್ ಸದ್ದಿಲ್ಲದೆ ಓಡುವ, ಹಲ್ಲಿನ ಆಕಾರದ ಕೊಂಡಿಗಳಿರುವ ಸೈಲೆಂಟ್ ಚೈನಿಗೂ ಪೇಟೆಂಟ್ ಪಡೆದರು. ಆ ಜಾತಿಯ ಚೈನು ಇವತ್ತಿಗೂ ಎಷ್ಟೋ ಇಂಜಿನ್‌ಗಳ ಒಳಗೆ ಕ್ಯಾಮ್‌ಶಾಫ್ಟ್ ತಿರುಗಿಸುತ್ತಿದೆ.

ಈಗ ನಮ್ಮ ಊರಿಗೆ ಬರೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೊರಬಂದವು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ತಾತನ ಯೆಜ್ಡಿ ಅಂತ ಜೋಪಾನ ಮಾಡಿ ಇಟ್ಟುಕೊಂಡಿರೋರು ನಮ್ಮ ಕಡೆ ಇದ್ದಾರೆ. ಆ ಗಾಡಿಗಳ ಹಿಂದಿನ ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇರುತ್ತೆ. ಧೂಳು ಒಳಗೆ ಹೋಗದಂತೆ ಅದು ಕಾಪಾಡುತ್ತೆ. ಆದರೆ ಕಣ್ಣಿಗೆ ಕಾಣದ್ದನ್ನ ನಾವು ಮರೆತುಬಿಡ್ತೀವಿ, ತೊಂದರೆ ಅಲ್ಲೇ ಶುರು. ಕವರ್‌ನ ರಬ್ಬರ್ ಹರಿದಿದ್ದರೆ ರಸ್ತೆ ಧೂಳು, ಕಲ್ಲುಪುಡಿ ಒಳಗೆ ಸೇರಿ, ಹಳೇ ಎಣ್ಣೆ ಜೊತೆ ಕಲೆತು, ವಾಲ್ವ್ ಉಜ್ಜುವ ಪೇಸ್ಟ್ ತರ ಆಗುತ್ತೆ. ಅದು ಉಜ್ಜೋದು ರೆನಾಲ್ಡ್ ಕಾಪಾಡಲು ಹೊರಟಿದ್ದ ಅದೇ ಪಿನ್ನು ಮತ್ತು ಬುಷ್ಷನ್ನು.

ಚೈನ್ ಹಿಗ್ಗಿದೆ ಅಂತ ಎಲ್ಲರೂ ಹೇಳ್ತಾರೆ. ನಿಜಕ್ಕೂ ಪ್ಲೇಟು ರಬ್ಬರ್ ತರ ಹಿಗ್ಗೋದಿಲ್ಲ. ಪಿನ್ನು, ಬುಷ್ಷು ಸವೆದು ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಂದಿ ಬೀಳುತ್ತೆ. ನೂರಾರು ಕೀಲುಗಳ ಸಂದಿ ಸೇರಿದಾಗ ಚೈನು ಜೋತು ಬೀಳುತ್ತೆ. ಒಂದು ಬುಷ್‌ನಿಂದ ಇನ್ನೊಂದಕ್ಕೆ ಒಳಕೊಂಡಿಯ ಅಳತೆ ಹಾಗೇ ಇರುತ್ತೆ, ಹೊರಕೊಂಡಿಯ ಅಳತೆ ಮಾತ್ರ ಬೆಳೆಯುತ್ತೆ. ಹಾಗಾಗಿ ಸವೆದ ಚೈನು ಸ್ಪ್ರಾಕೆಟ್ ಮೇಲೆ ಸರಿಯಾಗಿ ಕೂರದೆ ಹಲ್ಲಿನ ಮೇಲ್ಭಾಗಕ್ಕೆ ಹತ್ತುತ್ತೆ. ಹಲ್ಲು ಕೊಕ್ಕೆಯಂತೆ ಬಾಗುತ್ತೆ.

ಇದನ್ನ ನೋಡೋಕೆ ದುಬಾರಿ ಟೂಲ್ ಬೇಕಿಲ್ಲ. ಅರ್ಧ ಇಂಚು ಪಿಚ್‌ನ ಚೈನಿನಲ್ಲಿ 21 ಪಿನ್ ಎಣಿಸಿ, ಮೊದಲ ಪಿನ್‌ನ ಮಧ್ಯದಿಂದ ಕೊನೆಯ ಪಿನ್‌ನ ಮಧ್ಯಕ್ಕೆ ಸ್ಕೇಲ್ ಇಟ್ಟು ಅಳೆಯಿರಿ. ಚೈನ್ ಬಿಗಿಯಾಗಿ ಎಳೆದಿರಬೇಕು. ಹೊಸದಾಗಿದ್ದರೆ ಸರಿಯಾಗಿ 10 ಇಂಚು, ಅಂದರೆ 254 ಮಿ.ಮೀ. ಅದು 259 ಆಗಿದ್ದರೆ 2% ಸವೆದಿದೆ, ಆ ಚೈನಿನ ಆಯಸ್ಸು ಮುಗೀತು ಅಂತಲೇ ಲೆಕ್ಕ. ಕೆಲವು ಗಾಡಿಗಳ ಮ್ಯಾನ್ಯುವಲ್‌ನಲ್ಲಿ ಮಿತಿ ಇನ್ನೂ ಕಡಿಮೆ ಇರುತ್ತೆ, ಅದನ್ನೇ ನಂಬಿ. ಅಳೆಯೋಕೆ ಆಗದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧದಷ್ಟು ಕಂಡರೆ ಬದಲಾಯಿಸೋ ಕಾಲ ಬಂತು. ಎಂಜಿನ್ ಆಫ್ ಮಾಡಿ, ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರವನ್ನ ಕೈಯಲ್ಲೇ ತಿರುಗಿಸಿ ಇದೆಲ್ಲ ನೋಡಬೇಕು.

ಚಕ್ರ ತಿರುಗಿಸುವಾಗ ಒಂದು ಕಡೆ ಟೈಟ್, ಇನ್ನೊಂದು ಕಡೆ ಲೂಸ್ ಆಗುತ್ತಿದ್ದರೆ ಚೈನು ಒಂದೇ ಸಮ ಸವೆದಿಲ್ಲ. ಅಂಥಾ ಚೈನನ್ನ ತುಂಬಾ ಟೈಟ್ ಇರೋ ಜಾಗದಲ್ಲಿ ನೋಡಿಯೇ ಅಡ್ಜಸ್ಟ್ ಮಾಡಬೇಕು. ಲೂಸ್ ಇರೋ ಕಡೆ ನೋಡಿ ಬಿಗಿ ಮಾಡಿದರೆ ಗೇರ್‌ಬಾಕ್ಸ್ ಬೇರಿಂಗ್‌ಗೆ ಏಟು. ಸ್ಪ್ರಾಕೆಟ್ ಹಲ್ಲಿನ ಒಂದು ಪಕ್ಕ ಮಾತ್ರ ಹೊಳೆಯುತ್ತಿದ್ದರೆ ಹಿಂದಿನ ಚಕ್ರ ನೇರ ಕೂತಿಲ್ಲ. ಹೊಸ ಚೈನ್ ಹಾಕುವಾಗ ಮೀನಿನ ಆಕಾರದ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗಿರಲಿ. ಉಲ್ಟಾ ಹಾಕಿದರೆ ಎಲ್ಲಾದರೂ ತಗುಲಿ ಕಳಚಬಹುದು.

ದುಡ್ಡು ಉಳಿಸೋಕೆ ಬರೀ ಚೈನ್ ಬದಲಾಯಿಸಿ, ಸ್ಪ್ರಾಕೆಟ್ ಹಳೇದೇ ಬಿಡೋರು ಬಹಳ. ಕೊಕ್ಕೆ ಹಲ್ಲು ಹೊಸ ಚೈನನ್ನೂ ಬೇಗ ತಿಂದುಹಾಕುತ್ತೆ. ಮುಂದಿನ ಸ್ಪ್ರಾಕೆಟ್‌ಗೆ 14 ಹಲ್ಲು, ಹಿಂದಿನದಕ್ಕೆ 42 ಅಂದುಕೊಳ್ಳಿ. ಮುಂದಿನ ಒಂದೊಂದು ಹಲ್ಲಿಗೂ ಮೂರು ಪಟ್ಟು ಹೆಚ್ಚು ಕೆಲಸ. ಕವರ್ ಒಳಗೆ ಅಡಗಿರೋ ಅದನ್ನೇ ಮೊದಲು ನೋಡಬೇಕು. ಮೂರನ್ನೂ ಸೆಟ್ ಆಗಿ ಬದಲಾಯಿಸಿದರೇ ಕೊನೆಗೆ ಅಗ್ಗ. ಹಾಲಿನ ಕ್ಯಾನ್ ತುಂಬಿಕೊಂಡು ಹೈವೇಯಲ್ಲಿ ಹೋಗುವಾಗ ಚೈನ್ ಕಿತ್ತು ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ರೆನಾಲ್ಡ್ ಅವರ ಕತೆಗೆ ವಾಪಸ್ ಬಂದರೆ, ಚೈನಿನಷ್ಟೇ ಗಮನವನ್ನ ಅವರು ಕಾರ್ಖಾನೆಯ ಜನರ ಮೇಲೂ ಇಟ್ಟಿದ್ದರು. ಬ್ರಿಟನ್ನಿನ ಇಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ವಾರಕ್ಕೆ 53-54 ಗಂಟೆ ದುಡಿಮೆ ಮಾಮೂಲಿಯಾಗಿದ್ದ ಕಾಲದಲ್ಲಿ, 1896ರಲ್ಲೇ ಅವರು 48 ಗಂಟೆಗೆ ಇಳಿಸಿದರು. ಕೆಲಸಗಾರರಿಗೆ ಕ್ಯಾಂಟೀನ್ ಮಾಡಿಸಿದರು. ಕೆಲಸವನ್ನು ಅಳೆದು ಯೋಜಿಸುವ ಟೇಲರ್ ಅವರ ವಿಧಾನವನ್ನು ಬ್ರಿಟನ್ನಿನಲ್ಲಿ ಮೊದಮೊದಲು ಅಳವಡಿಸಿಕೊಂಡ ಕಾರ್ಖಾನೆಗಳಲ್ಲಿ ಇವರದೂ ಒಂದು. ಮ್ಯಾಂಚೆಸ್ಟರ್‌ನ ಬರ್ನೇಜ್‌ನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಅಮೆರಿಕದ ಕಾರ್ನೆಲ್‌ನಲ್ಲಿ ಓದಿ ಬಂದ ಮಗ ಚಾರ್ಲ್ಸ್ ಜವಾಬ್ದಾರಿ ಹೊತ್ತರು. 1930ರಲ್ಲಿ ಕಂಪನಿ ಕೊವೆಂಟ್ರಿ ಚೈನ್ ಕಂಪನಿಯ ಜೊತೆ ಸೇರಿತು. ಹ್ಯಾನ್ಸ್ ರೆನಾಲ್ಡ್ 1943ರ ಮೇ 2ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಚೈನು ಇವತ್ತು ನಮ್ಮ ಪಕ್ಕದ ಕೊಯಮತ್ತೂರಿನಲ್ಲೂ ತಯಾರಾಗುತ್ತೆ.

ರೆನಾಲ್ಡ್ ಅವರ ಬುಷ್‌ಗೆ ಈಗ 140 ವರ್ಷ ದಾಟಿದೆ, ಮೂಲ ವಿನ್ಯಾಸ ಹಾಗೇ ಉಳಿದಿದೆ. ಆದರೆ ಆ ಬುಷ್ ಒಳಗೆ ಎಣ್ಣೆ ತಲುಪಿಸೋ ಕೆಲಸ ಅವರು ನಮಗೇ ಬಿಟ್ಟು ಹೋಗಿದ್ದಾರೆ. ಸೀಮೆಎಣ್ಣೆಯಲ್ಲಿ ಬ್ರಷ್‌ನಿಂದ ಉಜ್ಜಿ, ಒರೆಸಿ, ಗಾಡಿ ಓಡಿಸಿ ಬಂದು ಚೈನು ಬೆಚ್ಚಗಿರುವಾಗಲೇ 90 ನಂಬರ್ ಗೇರ್ ಆಯಿಲ್ ಅನ್ನು ಪ್ಲೇಟುಗಳ ಸಂದಿಗೆ ತೊಟ್ಟು ತೊಟ್ಟಾಗಿ ಬಿಡಿ. ರೋಲರ್ ಮೇಲೆ ಗ್ರೀಸ್ ಮೆತ್ತಿದರೆ ನೋಡೋಕೆ ಚಂದ, ಒಳಗಿನ ಪಿನ್ನು ಒಣಗೇ ಇರುತ್ತೆ. ಈ ವಾರಾಂತ್ಯ ಊರಿಗೆ ಹೋದಾಗ ಒಂದು ಸ್ಕೇಲ್ ತಗೊಂಡು ಅಪ್ಪನದೋ ಮಾವನದೋ ಗಾಡಿ ಹತ್ರ ಕೂತು 21 ಪಿನ್ ಎಣಿಸಿ. 10 ಇಂಚು ಎಷ್ಟಾಗಿದೆ ಅಂತ ಅವರಿಗೂ ತೋರಿಸಿ.