ಫ್ರಿಟ್ಸ್ ಲಂಡನ್

ಲಂಡನ್ ಎಂದೊಡನೆ ನಮಗೆ ನೆನಪಾಗುವುದು ಥೇಮ್ಸ್ ತೀರದ ಮಹಾನಗರ. ಭೌತಶಾಸ್ತ್ರಜ್ಞರಿಗೆ ಅದು ಒಬ್ಬ ಮಹನೀಯರ ಹೆಸರೂ ಹೌದು. ಫ್ರಿಟ್ಸ್ ಲಂಡನ್ ಅವರು 1900ರಲ್ಲಿ ಜರ್ಮನಿಯ ಬ್ರೆಸ್ಲಾವಿನ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. 1921ರಲ್ಲಿ ಮ್ಯೂನಿಕ್ಕಿನಲ್ಲಿ ಅವರು ಡಾಕ್ಟರೇಟ್ ಪಡೆದದ್ದು ತತ್ತ್ವಶಾಸ್ತ್ರದಲ್ಲಿ. ಅನಂತರ ಭೌತಶಾಸ್ತ್ರಕ್ಕೆ ಹೊರಳಿ, 1927ರಲ್ಲಿ ವಾಲ್ಟರ್ ಹೈಟ್ಲರ್ ಅವರೊಡನೆ, ಹೈಡ್ರೋಜನ್ನಿನ ಎರಡು ಪರಮಾಣುಗಳು ಕೂಡಿಕೊಳ್ಳುವ ಬಗೆಯನ್ನು ವಿವರಿಸಿದರು.

1933ರಲ್ಲಿ ನಾಜಿಗಳ ಆಳ್ವಿಕೆ ಬಂದು ಬರ್ಲಿನ್ನಿನ ಕೆಲಸ ಹೋಯಿತು. ಆಕ್ಸ್‌ಫರ್ಡ್ ಆಶ್ರಯ ನೀಡಿತು. ಅದೇ ವರ್ಷ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಎಂಬುವರು ಒಂದು ವಿಚಿತ್ರವನ್ನು ಕಂಡರು. ಅತಿಶೈತ್ಯದಲ್ಲಿ ವಿದ್ಯುತ್ತಿಗೆ ತಡೆಯನ್ನೇ ಒಡ್ಡದ ಅತಿವಾಹಕ ಲೋಹವು ಕಾಂತಕ್ಷೇತ್ರವನ್ನು ತನ್ನೊಳಗಿನಿಂದ ಹೊರದೂಡುತ್ತಿತ್ತು. ಫ್ರಿಟ್ಸ್ ಮತ್ತು ಅವರ ತಮ್ಮ ಹೈಂಟ್ಸ್ 1935ರಲ್ಲಿ ಇದನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು. ಲೋಹದ ಅಂಚಿನಲ್ಲಿ, ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಪದರದಲ್ಲಿ, ವಿದ್ಯುತ್ತು ಹರಿಯುತ್ತದೆ. ಕೋಟೆಯನ್ನು ಕಂದಕ ಕಾಯುವಂತೆ ಆ ಪ್ರವಾಹ ಒಳಭಾಗವನ್ನು ಕಾಯುತ್ತದೆ. ಇಂದು ಅತಿವಾಹಕ ಮತ್ತು ಕಾಂತೀಯ ಲೋಹಗಳ ತೆಳುಪದರಗಳನ್ನು ಪರೀಕ್ಷಿಸುವವರಿಗೂ ಆ ಸಮೀಕರಣಗಳೇ ಮೊದಲ ಪಾಠ.

ಆದರೂ 1936ರಲ್ಲಿ ಸಂಬಳದ ಹಣ ನಿಂತು ಆಕ್ಸ್‌ಫರ್ಡನ್ನು ಬಿಡಬೇಕಾಯಿತು. ಪ್ಯಾರಿಸ್ಸಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯವನ್ನು ಸೇರಿ, 1954ರಲ್ಲಿ ನಿಧನರಾದರು. ಅತಿವಾಹಕದ ಉಂಗುರದಲ್ಲಿ ಸಿಲುಕಿದ ಕಾಂತತ್ವವು ಬಿಡಿಬಿಡಿ ಪ್ರಮಾಣಗಳಲ್ಲಿಯೇ ಇರಬೇಕೆಂದು ಅವರು ಊಹಿಸಿದ್ದರು. 1961ರಲ್ಲಿ ಪ್ರಯೋಗಗಳು ಅದನ್ನು ದೃಢಪಡಿಸಿದಾಗ ನೋಡಲು ಅವರಿರಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಿ.ಎ. ಓದುವವನಿಗೆ ವಿಜ್ಞಾನದ ಗೊಡವೆ ಏಕೆಂದು ಕೇಳುವವರುಂಟು. ತತ್ತ್ವಶಾಸ್ತ್ರದ ಬಾಗಿಲಿನಿಂದ ಬಂದು, ಮೂರು ದೇಶಗಳಲ್ಲಿ ನೆಲೆ ತಪ್ಪಿಯೂ ಚಿಂತನೆಯನ್ನು ಬಿಡದ ಈ ಮಹನೀಯರ ಬಾಳೇ ಅವರಿಗೆ ನನ್ನ ಉತ್ತರ.