ಕ್ರಾನ್ ಡೀಮನ್‌ನ ಹಿಂದಿನ ಮನುಷ್ಯ: ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದ ಸರ್ವರ್ ಡಿಸ್ಕ್ ಕೈಕೊಟ್ಟಿತು. ನಾವೇನೂ ಗಾಬರಿ ಆಗಲಿಲ್ಲ. ದಿನಾ ರಾತ್ರಿ 2 ಗಂಟೆಗೆ ಪತ್ರಿಕೆಯ ಡೇಟಾಬೇಸ್ ಇನ್ನೊಂದು ಡಿಸ್ಕ್‌ಗೆ ಬ್ಯಾಕಪ್ ಆಗಲಿ ಅಂತ ಸೀನಿಯರ್‌ಗಳು ಕ್ರಾನ್‌ಟ್ಯಾಬ್‌ನಲ್ಲಿ ಒಂದು ಸಾಲು ಬರೆದಿಟ್ಟು ಹೋಗಿದ್ದರು. ಬ್ಯಾಕಪ್ ಫೋಲ್ಡರ್ ತೆರೆದೆವು. ಫೈಲ್‌ಗಳೇನೋ ತಾರೀಖು ಹಾಕಿಕೊಂಡು ಸಾಲಾಗಿ ನಿಂತಿದ್ದವು. ಆದರೆ ಕೊನೆಯ ನಾಲ್ಕು ತಿಂಗಳಿನವು ಎಲ್ಲಾ 0 ಬೈಟ್! ಹಳೇ ಬ್ಯಾಕಪ್‌ಗಳನ್ನು ಅಳಿಸುವ ಏರ್ಪಾಡು ಇರಲಿಲ್ಲ, ಆ ಡಿಸ್ಕೂ ತುಂಬಿಹೋಗಿತ್ತು. ಎರರ್ ಬಂದಿರಲಿಲ್ಲವೇ? ಬಂದಿತ್ತು, ದಿನಾ ಬಂದಿತ್ತು. ಮೇಲ್ ಬಂದು ಕಿರಿಕಿರಿ ಆಗುತ್ತೆ ಅಂತ ಯಾರೋ ಆ ಸಾಲಿನ ಕೊನೆಗೆ ಎಲ್ಲಾ ಔಟ್‌ಪುಟ್ಟನ್ನೂ ಡೆವ್ ನಲ್‌ಗೆ ತಳ್ಳಿದ್ದರು. ಜೂನಿಯರ್‌ಗಳು ಮೊದಲ ಸಲ ಬರೆದ ಕಥೆ ಕವಿತೆಗಳು ಹಾಗೇ ಹೋದವು.

ತಲೆ ಮೇಲೆ ಕೈ ಹೊತ್ತು ಕೂತಾಗ ನಮ್ಮಲ್ಲೊಬ್ಬರಿಗೆ ಒಂದು ಪ್ರಶ್ನೆ ಬಂತು. ಹಿಂದೆ ಕೂತು ಸದ್ದಿಲ್ಲದೆ ಕೆಲಸ ಮಾಡುವ ಈ ಪ್ರೋಗ್ರಾಮ್‌ಗೆ ಡೀಮನ್ ಅಂತ ಯಾಕೆ ಹೆಸರು? ಹುಡುಕುತ್ತಾ ಹೋದರೆ ಸಿಕ್ಕಿದ್ದು ನಮಗೆಲ್ಲ ಎರಡನೇ ಸೆಮಿಸ್ಟರ್‌ನಿಂದ ಪರಿಚಯವಿರುವ, ನಾಲ್ಕು ಸಮೀಕರಣಗಳಿಂದ ನಮ್ಮ ನಿದ್ದೆ ಕೆಡಿಸಿದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್!

ಮ್ಯಾಕ್ಸ್‌ವೆಲ್ ಹುಟ್ಟಿದ್ದು 1831ರ ಜೂನ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಬೆಳೆದದ್ದು ಗ್ಲೆನ್‌ಲೇರ್ ಎಂಬ ಹಳ್ಳಿಮನೆಯಲ್ಲಿ. ಯಾವ ವಸ್ತು ಕಂಡರೂ ಅದು ಹೇಗೆ ನಡೆಯುತ್ತೆ ಅಂತ ಕೇಳದೆ ಬಿಡದ ಹುಡುಗ. ಮನೆಯ ಕರೆಗಂಟೆಯ ತಂತಿಗಳು ಗೋಡೆಯೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅನ್ನೋದನ್ನೂ ಪತ್ತೆ ಹಚ್ಚಿದ್ದನಂತೆ. ಎಂಟನೇ ವಯಸ್ಸಿನಲ್ಲಿ ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡರು. ಎಡಿನ್‌ಬರೋದ ಶಾಲೆಗೆ ಸೇರಿದಾಗ ಹಳ್ಳಿ ಮಾತು, ಅಪ್ಪ ಹೊಲಿಸಿದ ವಿಚಿತ್ರ ಬಟ್ಟೆ ನೋಡಿ ಸಹಪಾಠಿಗಳು ಪೆದ್ದ ಅಂತ ಅಡ್ಡಹೆಸರಿಟ್ಟರು. ಆ ಪೆದ್ದ 14ನೇ ವಯಸ್ಸಿನಲ್ಲಿ ಅಂಡಾಕಾರದ ವಕ್ರರೇಖೆಗಳ ಬಗ್ಗೆ ಬರೆದ ಪ್ರಬಂಧವನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಅವನ ಪರವಾಗಿ ಪ್ರೊಫೆಸರ್ ಒಬ್ಬರು ಓದಬೇಕಾಯ್ತು.

1854ರಲ್ಲಿ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಮ್ಯಾಕ್ಸ್‌ವೆಲ್‌ಗೆ ಬಂದದ್ದು ಎರಡನೇ ರ‍್ಯಾಂಕ್. ಮೊದಲ ರ‍್ಯಾಂಕ್ ಎಡ್ವರ್ಡ್ ರೌತ್ ಎಂಬಾತನಿಗೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಆಮೇಲೆ ಅಬರ್ಡೀನ್‌ನಲ್ಲಿ ಪ್ರೊಫೆಸರ್ ಕೆಲಸ, 1858ರಲ್ಲಿ ಕ್ಯಾಥರೀನ್ ಡ್ಯೂವರ್ ಜೊತೆ ಮದುವೆ. ಶನಿಯ ಬಳೆಗಳು ಒಂದೇ ಗಟ್ಟಿ ತಟ್ಟೆಯಲ್ಲ, ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ತುಣುಕುಗಳು, ಹಾಗಿದ್ದರೆ ಮಾತ್ರ ಅವು ಸ್ಥಿರವಾಗಿರಲು ಸಾಧ್ಯ ಅಂತ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ದೂ ಆ ದಿನಗಳಲ್ಲೇ. ಒಂದು ವ್ಯವಸ್ಥೆ ಅಲುಗಾಡಿದರೆ ತಾನಾಗಿ ಸರಿಹೋಗುತ್ತಾ, ಇಲ್ಲಾ ಚೆಲ್ಲಾಪಿಲ್ಲಿ ಆಗುತ್ತಾ ಅನ್ನೋ ಪ್ರಶ್ನೆ ಅವರನ್ನು ಕೊನೆತನಕ ಬಿಡಲಿಲ್ಲ.

1860 ಮಾತ್ರ ಕೆಟ್ಟ ವರ್ಷ. ಅಬರ್ಡೀನ್‌ನ ಎರಡು ಕಾಲೇಜುಗಳು ಒಂದಾದಾಗ ಇವರ ಕೆಲಸ ಹೋಯ್ತು. ಎಡಿನ್‌ಬರೋದಲ್ಲಿ ಅರ್ಜಿ ಹಾಕಿದರೆ ಆ ಹುದ್ದೆ ಶಾಲೆಯ ಗೆಳೆಯ ಪೀಟರ್ ಟೇಟ್‌ಗೆ ಸಿಕ್ಕಿತು. ಅದೇ ವರ್ಷ ಸಿಡುಬು ಬೇರೆ. ಚೇತರಿಸಿಕೊಂಡು ಲಂಡನ್‌ನ ಕಿಂಗ್ಸ್ ಕಾಲೇಜ್ ಸೇರಿದರು. ಮುಂದಿನ ಐದು ವರ್ಷಗಳಲ್ಲಿ ಜಗತ್ತಿಗೆ ಬಣ್ಣದ ಫೋಟೋ ತೋರಿಸಿದರು, ವಿದ್ಯುತ್ತು, ಕಾಂತತ್ವ, ಬೆಳಕು ಮೂರನ್ನೂ ಒಂದೇ ಸಿದ್ಧಾಂತದಡಿ ತಂದರು. ಹರ್ಟ್ಸ್ ಪ್ರಯೋಗದಲ್ಲಿ ಅಲೆಗಳನ್ನು ಹಿಡಿದು ತೋರಿಸುವಷ್ಟರಲ್ಲಿ ಮ್ಯಾಕ್ಸ್‌ವೆಲ್ ತೀರಿಕೊಂಡು ಎಂಟು ವರ್ಷವಾಗಿತ್ತು.

ಇನ್ನು ನಮ್ಮ ಡೀಮನ್ ವಿಷಯ. 1867ರ ಡಿಸೆಂಬರ್‌ನಲ್ಲಿ ಮ್ಯಾಕ್ಸ್‌ವೆಲ್ ಅದೇ ಗೆಳೆಯ ಟೇಟ್‌ಗೆ ಒಂದು ಪತ್ರ ಬರೆದರು. ಕೆಲಸ ಕೈತಪ್ಪಿದರೂ ಗೆಳೆತನ ತಪ್ಪಿರಲಿಲ್ಲ. ಪತ್ರದಲ್ಲಿದ್ದದ್ದು ಒಂದು ಕಲ್ಪನೆ: ಅನಿಲ ತುಂಬಿದ ಪೆಟ್ಟಿಗೆ, ನಡುವೆ ಗೋಡೆ, ಗೋಡೆಯಲ್ಲೊಂದು ಪುಟ್ಟ ಬಾಗಿಲು, ಬಾಗಿಲಲ್ಲಿ ಒಬ್ಬ ಪುಟಾಣಿ ಕಾವಲುಗಾರ. ವೇಗದ ಅಣುಗಳನ್ನು ಒಂದು ಕಡೆಗೆ, ನಿಧಾನದವನ್ನು ಇನ್ನೊಂದು ಕಡೆಗೆ ಬಿಡುತ್ತಾ ಹೋಗೋದೇ ಅವನ ಕೆಲಸ. ಆಗ ಇಂಧನ ಉರಿಸದೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ! ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮ ಕೋಟ್ಯಂತರ ಅಣುಗಳ ಸರಾಸರಿ ಲೆಕ್ಕದಲ್ಲಿ ಮಾತ್ರ ನಿಜ ಅಂತ ತೋರಿಸೋದು ಅವರ ಉದ್ದೇಶವಾಗಿತ್ತು. ಅವನಿಗೆ ಡೀಮನ್ ಅಂತ ಹೆಸರಿಟ್ಟವರು ವಿಲಿಯಂ ಥಾಮ್ಸನ್. ಕಾಟ ಕೊಡುವ ದೆವ್ವ ಅನ್ನೋ ಅರ್ಥದಲ್ಲಲ್ಲ, ಹಳೇ ಗ್ರೀಕರು ನಂಬಿದ್ದ, ಮನುಷ್ಯರಿಗೂ ದೇವರಿಗೂ ನಡುವಿನ ಶಕ್ತಿಯ ಅರ್ಥದಲ್ಲಿ.

ಸುಮಾರು ನೂರು ವರ್ಷದ ನಂತರ, 1963ರಲ್ಲಿ, ಎಂಐಟಿಯ ಪ್ರಾಜೆಕ್ಟ್ ಮ್ಯಾಕ್ ತಂಡದವರು ಹಿನ್ನೆಲೆಯಲ್ಲಿ ಸುಮ್ಮನೆ ದುಡಿಯುವ ಪ್ರೋಗ್ರಾಮ್‌ಗಳಿಗೆ ಈ ಕಾವಲುಗಾರನ ಹೆಸರನ್ನೇ ಇಟ್ಟರು. ಯೂನಿಕ್ಸ್ ಅದನ್ನು ಎತ್ತಿಕೊಂಡಿತು. ಮ್ಯಾಕ್ಸ್‌ವೆಲ್ ತೀರಿಕೊಂಡು ನೂರು ವರ್ಷಕ್ಕೆ, 1979ರಲ್ಲಿ ಬಂದ ಯೂನಿಕ್ಸ್ ಏಳನೇ ಆವೃತ್ತಿಯ ಕ್ರಾನ್ ಮಾಡುತ್ತಿದ್ದದ್ದು ಇಷ್ಟೇ: ನಿಮಿಷಕ್ಕೊಮ್ಮೆ ಏಳೋದು, ಪಟ್ಟಿ ನೋಡೋದು, ಆ ಹೊತ್ತಿನ ಕೆಲಸ ಇದ್ದರೆ ಶುರು ಮಾಡಿಸೋದು, ಮತ್ತೆ ಮಲಗೋದು. ಮಾಡಿದ ಕೆಲಸ ಸರಿ ಆಯ್ತಾ ಅಂತ ಅದು ನೋಡುತ್ತಿರಲಿಲ್ಲ. ಇವತ್ತಿನ ಕ್ರಾನ್ ಕೂಡ ಹೆಚ್ಚೆಂದರೆ ಔಟ್‌ಪುಟ್ ಮೇಲ್ ಮಾಡುತ್ತೆ, ಅಷ್ಟೇ.

ನಾವು ಎಡವಿದ್ದು ಇಲ್ಲೇ. ಪತ್ರ ಬರೆದ ಮರುವರ್ಷವೇ, 1868ರಲ್ಲಿ, ಮ್ಯಾಕ್ಸ್‌ವೆಲ್ ಇನ್ನೊಂದು ಪ್ರಬಂಧ ಬರೆದಿದ್ದರು. ಅದರ ವಿಷಯ ಗವರ್ನರ್. ಸ್ಟೀಮ್ ಎಂಜಿನ್ ಮೇಲೆ ತಿರುಗುವ ಎರಡು ಗುಂಡುಗಳನ್ನು ನೀವು ಲ್ಯಾಬ್‌ನಲ್ಲಿ ನೋಡಿರುತ್ತೀರಿ. ವೇಗ ಹೆಚ್ಚಾದರೆ ಗುಂಡುಗಳು ಅಗಲವಾಗಿ ಹರಡಿ ಹಬೆಯ ಕವಾಟ ಮುಚ್ಚುತ್ತವೆ, ಕಡಿಮೆಯಾದರೆ ತೆರೆಯುತ್ತವೆ. ಕಿಂಗ್ಸ್ ಕಾಲೇಜಿನಲ್ಲಿ ಓಮ್‌ನ ಅಳತೆ ನಿಗದಿ ಮಾಡುವಾಗ ಸುರುಳಿಯನ್ನು ಒಂದೇ ವೇಗದಲ್ಲಿ ತಿರುಗಿಸಲು ಅವರಿಗೂ ಇಂಥದ್ದೊಂದು ಗವರ್ನರ್ ಬೇಕಾಗಿತ್ತು. ಸುಮ್ಮನೆ ಬಳಸಿ ಬಿಡುವ ಜಾಯಮಾನವಲ್ಲವಲ್ಲ, ಅದರ ಗಣಿತ ಬರೆದರು. ಯಂತ್ರಕ್ಕೆ ಏನಾದರೂ ಅಡ್ಡಿಯಾದರೆ ನಾಲ್ಕು ಗತಿ: ಏರುಪೇರು ಬೆಳೆಯುತ್ತಲೇ ಹೋಗಬಹುದು, ತಣ್ಣಗಾಗಬಹುದು, ತೂಗಾಡುತ್ತಾ ಹೆಚ್ಚಬಹುದು, ತೂಗಾಡುತ್ತಾ ಅಡಗಬಹುದು. ಎರಡನೆಯದೂ ನಾಲ್ಕನೆಯದೂ ಮಾತ್ರ ಕ್ಷೇಮ. ಅದಕ್ಕೆ ಬೇಕಾದ ಷರತ್ತನ್ನು ಅವರು ಸರಳ ಯಂತ್ರಗಳಿಗೆ ಕಂಡುಹಿಡಿದರು. ಎಲ್ಲಾ ಯಂತ್ರಕ್ಕೂ ಹೊಂದುವ ಸೂತ್ರ 1877ರಲ್ಲಿ ಬಂತು. ಕೊಟ್ಟವರು ಯಾರು ಗೊತ್ತಾ? ಪರೀಕ್ಷೆಯಲ್ಲಿ ಮೊದಲು ಬಂದ ಅದೇ ರೌತ್! ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ನಾವು ಗೀಚುವ ರೌತ್ ಟೇಬಲ್ ಇದೇ.

ಡೀಮನ್ ಸದ್ದಿಲ್ಲದೆ ದುಡಿಯುತ್ತೆ. ಗವರ್ನರ್ ಫಲಿತಾಂಶ ನೋಡಿ ಕೈ ತಿದ್ದುತ್ತೆ. ಒಬ್ಬರೇ ಮನುಷ್ಯ ಒಂದು ವರ್ಷದ ಅಂತರದಲ್ಲಿ ಎರಡನ್ನೂ ಯೋಚಿಸಿದ್ದರು. ನಾವು ಸರ್ವರ್‌ನಲ್ಲಿ ಡೀಮನ್ ಮಾತ್ರ ಇಟ್ಟುಕೊಂಡು ಗವರ್ನರ್ ಮರೆತಿದ್ದೆವು.

ಆ ಪುಟಾಣಿ ಕಾವಲುಗಾರನ ಕಥೆಗೂ ನಂತರ ಒಂದು ತಿರುವು ಬಂತು. ಅವನು ನಿಜಕ್ಕೂ ಪುಕ್ಕಟೆ ದುಡಿಯಬಲ್ಲನೇ? ಅಣುಗಳನ್ನು ನೋಡಿದ ಮೇಲೆ ನೆನಪಿಟ್ಟುಕೊಳ್ಳಬೇಕಲ್ಲ. ನೆನಪು ತುಂಬಿದರೆ ಅಳಿಸಬೇಕು. ಅಳಿಸೋದಕ್ಕೆ ಶಕ್ತಿ ಖರ್ಚಾಗಲೇಬೇಕು ಅಂತ 1961ರಲ್ಲಿ ಲ್ಯಾಂಡಾವರ್ ತೋರಿಸಿದರು. ಡೀಮನ್‌ನ ಲೆಕ್ಕ ಚುಕ್ತಾ ಆಗೋದು ಅಲ್ಲೇ ಅಂತ 1982ರಲ್ಲಿ ಬೆನೆಟ್ ವಿವರಿಸಿದರು. ಇದನ್ನು ಓದಿ ನಾವು ಮುಖ ಮುಖ ನೋಡಿಕೊಂಡೆವು. ನಮ್ಮ ಡೀಮನ್ ಕೂಡ ಬಿದ್ದದ್ದು ಹಳೆಯದನ್ನು ಅಳಿಸದೆ ತುಂಬಿಸಿಕೊಂಡೇ ಅಲ್ಲವೇ!

ಮ್ಯಾಕ್ಸ್‌ವೆಲ್ 1865ರಲ್ಲಿ ಕೆಲಸ ಬಿಟ್ಟು ಗ್ಲೆನ್‌ಲೇರ್‌ಗೆ ಮರಳಿದ್ದರು. 1871ರಲ್ಲಿ ಕೇಂಬ್ರಿಡ್ಜ್ ಕರೆಸಿಕೊಂಡಿತು. ಕ್ಯಾವೆಂಡಿಶ್ ಪ್ರಯೋಗಾಲಯವನ್ನು ಕಟ್ಟಿ ನಿಲ್ಲಿಸಿದರು. ಹೆಂಡತಿ ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ನೋಡಿಕೊಂಡರು. 1879ರ ನವೆಂಬರ್ 5ರಂದು, 48ನೇ ವಯಸ್ಸಿಗೆ, ಅಮ್ಮನನ್ನು ಕೊಂಡುಹೋದ ಕಾಯಿಲೆಯೇ ಅವರನ್ನೂ ಕೊಂಡುಹೋಯ್ತು. ಗ್ಲೆನ್‌ಲೇರ್ ಹತ್ತಿರದ ಪಾರ್ಟನ್ ಚರ್ಚಿನಂಗಳದಲ್ಲಿ ಮಣ್ಣು ಮಾಡಿದರು.

ನಾವು ಈಗ ಸರ್ವರ್‌ಗೆ ಗವರ್ನರ್ ಕಟ್ಟಿದ್ದೇವೆ. ಎರರ್ ಡೆವ್ ನಲ್‌ಗೆ ಹೋಗಲ್ಲ, ಲಾಗ್‌ಗೆ ಹೋಗುತ್ತೆ. ಹಿಂದಿನ ಸಲದ ಕೆಲಸ ಮುಗಿಯದೆ ಹೊಸದು ಮೇಲೆ ಮೇಲೆ ಬೀಳದ ಹಾಗೆ ಫ್ಲಾಕ್ ಹಾಕಿದ್ದೇವೆ. 30 ದಿನಕ್ಕಿಂತ ಹಳೆಯ ಬ್ಯಾಕಪ್‌ಗಳನ್ನು ಅಳಿಸುತ್ತೇವೆ, ಅದೂ ಹೊಸದು ಸರಿ ಇದೆ ಅಂತ ನೋಡಿದ ಮೇಲೆ. ಫೈಲ್ ಗಾತ್ರ ಸರಿ ಇದ್ದು, ಎಕ್ಸಿಟ್ ಕೋಡ್ 0 ಬಂದರೆ ಮಾತ್ರ ಸ್ಕ್ರಿಪ್ಟ್ ಇನ್ನೊಂದು ಮೆಷಿನ್‌ಗೆ ಆಯ್ತು ಅಂತ ಒಂದು ಸಂದೇಶ ಕಳಿಸುತ್ತೆ. ಬೆಳಗ್ಗೆ 3ರೊಳಗೆ ಆ ಸಂದೇಶ ಬಾರದಿದ್ದರೆ ಆ ಮೆಷಿನ್ ನಮ್ಮೆಲ್ಲರ ಫೋನಿಗೂ ದೂರು ಕೊಡುತ್ತೆ. ಯಾಕೆಂದರೆ ಸರ್ವರ್ರೇ ಸತ್ತರೆ ನಾನು ಸತ್ತೆ ಅಂತ ಹೇಳೋದಕ್ಕೂ ಅಲ್ಲಿ ಯಾರೂ ಇರಲ್ಲ. ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಬೇರೆ ಕಡೆ ರೀಸ್ಟೋರ್ ಮಾಡಿ ಓದಿಯೂ ನೋಡುತ್ತೇವೆ.

ಹೋದ ಬರಹಗಳು ಇದರಿಂದ ವಾಪಸ್ ಬರಲ್ಲ. ಆ ನಾಲ್ಕು ತಿಂಗಳಲ್ಲಿ ನಮಗೆ ಬರೆದು ಕೊಟ್ಟವರೇ, ನಿಮ್ಮ ಫೋನಿನಲ್ಲೋ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲೋ ಪ್ರತಿ ಉಳಿದಿದ್ದರೆ ದಯವಿಟ್ಟು ಮತ್ತೆ ಕಳಿಸಿ. ಇಲ್ಲಿಯವರೆಗೆ ಹನ್ನೊಂದು ಬಂದಿವೆ. ಉಳಿದವಕ್ಕೆ ಕಾಯುತ್ತಿದ್ದೇವೆ.